ಗಾಜಿನ ತೊಟ್ಟಿಗೆ ಒಂದು ಗಿಡ

ಹೊಳೆ ದಂಡೆಯಲ್ಲಿ ಒಂದು ಮಠ. ಮಠದಲ್ಲಿ ಒಬ್ಬರು ಗುರುಗಳು. ಸುತ್ತಿನ ಜನವೆಲ್ಲ ಅವರನ್ನು ‘ಬುದ್ಧಿ’ ಎಂದೇ ಕರೆಯುತ್ತಿದ್ದರು. ನಮ್ಮ ಕಡೆ ಸ್ವಾಮಿಗಳನ್ನು ಕರೆಯೋದೇ ಹಾಗೆ.

ಬುದ್ಧಿಯವರ ಹತ್ತಿರ ಶಿವಮಲ್ಲು ಅಂತ ಒಬ್ಬ ಶಿಷ್ಯ. ದಾಸೋಹದ ಅಡುಗೆಮನೆ ಪೂರ್ತಿ ಅವನ ಕೈಯಲ್ಲಿತ್ತು. ಒಳ್ಳೆಯವನು, ಮೈಗಳ್ಳನಲ್ಲ, ಸ್ವಲ್ಪ ಆತುರಗಾರ ಅಷ್ಟೇ. ಅವನ ಕೈಯ ಸಾರು ಉಂಡವರಿಗೆ ಎಲೆ ಬಿಟ್ಟು ಏಳೋಕೆ ಮನಸ್ಸು ಬರುತ್ತಿರಲಿಲ್ಲ.

ಆದರೆ ಅವನ ಮನಸ್ಸು ಅಡುಗೆಮನೆಯಲ್ಲಿ ಇರಲಿಲ್ಲ. ಈ ಮಠಕ್ಕೆ ಸೇರಿದ ಸಣ್ಣ ಮಠಗಳು ಎರಡಿದ್ದವು. ಒಂದು ಪೇಟೆಯಲ್ಲಿ, ಇನ್ನೊಂದು ಬೆಟ್ಟದ ಬುಡದಲ್ಲಿ. ಎರಡಕ್ಕೂ ನೋಡಿಕೊಳ್ಳುವವರು ಬೇಕಾಗಿತ್ತು. ಶಿವಮಲ್ಲುಗೆ ಪೇಟೆ ಮಠದ ಮೇಲೆ ಕಣ್ಣು. ಅಲ್ಲಿ ದೊಡ್ಡ ಸಭಾಂಗಣ ಇದೆ, ಮೈಕು ಇದೆ, ಸಂಜೆಯಾದರೆ ಜನ ಸೇರುತ್ತಾರೆ. ಒಗ್ಗರಣೆ ಹಾಕುವಾಗಲೂ ಅವನು ಆ ಮೈಕಿನ ಮುಂದೆ ಕೂತಿರುತ್ತಿದ್ದ.

ಒಂದು ದಿನ ಧೈರ್ಯ ಮಾಡಿ ಕೇಳಿಯೇ ಬಿಟ್ಟ.

“ಬುದ್ಧಿ, ನನ್ನನ್ನ ಪೇಟೆ ಮಠಕ್ಕೆ ಕಳಿಸ್ತೀರಾ?”

ಬುದ್ಧಿ ಆಗ ಹಜಾರದ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿಯ ಮುಂದೆ ಕೂತಿದ್ದರು. ಊರಿನ ಮೇಷ್ಟ್ರು ಮರಿಸಿದ್ದಯ್ಯ ವರ್ಗವಾಗಿ ಹೋಗುವಾಗ ತಮ್ಮ ಮನೆಯ ಮೀನಿನ ತೊಟ್ಟಿಯನ್ನು ಮಠಕ್ಕೆ ಕೊಟ್ಟು ಹೋಗಿದ್ದರು. ಒಳಗೆ ಎರಡು ಗೋಲ್ಡ್ ಫಿಶ್, ತಳದಲ್ಲಿ ಸಣ್ಣ ಕಲ್ಲು, ನಡುವೆ ಪ್ಲಾಸ್ಟಿಕ್ಕಿನ ಗಿಡಗಳು.

ಬುದ್ಧಿ ಕಾವಿಯ ಸೆರಗು ಮೇಲಕ್ಕೆ ಸರಿಸಿ, ನೀರಿಗೆ ಕೈ ಹಾಕಿ, ಒಂದು ಪ್ಲಾಸ್ಟಿಕ್ ಗಿಡವನ್ನು ಎಳೆದು ಹೊರಗಿಟ್ಟರು.

“ಈ ಮೀನು ಬೆಳಗಿನಿಂದ ಇದನ್ನ ಕಚ್ಚಿ ನೋಡ್ತಾ ಇದೆ,” ಅಂದರು. “ಕಚ್ಚೋದು, ಉಗಿಯೋದು. ಮತ್ತೆ ಕಚ್ಚೋದು. ನೋಡಿ ನೋಡಿ ನನಗೇ ನಾಚಿಕೆ ಆಯ್ತು. ತೊಟ್ಟಿಗೆ ನಿಜವಾದ ಗಿಡ ಹಾಕು.”

“ಹಾಕ್ತೀನಿ ಬುದ್ಧಿ. ಪೇಟೆ ಮಠದ ವಿಷಯ?”

“ಮೊದಲು ತೊಟ್ಟಿಯಲ್ಲಿ ಗಿಡ ನಿಲ್ಲಲಿ. ಆಮೇಲೆ ನೀನು ಎಲ್ಲಿ ನಿಲ್ಲಬೇಕು ಅಂತ ಮಾತಾಡೋಣ.”

ಶಿವಮಲ್ಲು ಒಳಗೊಳಗೇ ಹಿಗ್ಗಿದ. ಗಿಡ ಹಾಕೋದೇನು ಮಹಾ ಕೆಲಸ. ಇವತ್ತು ಹಾಕಿ ನಾಳೆ ಗಂಟುಮೂಟೆ ಕಟ್ಟಬಹುದು ಅಂದುಕೊಂಡ.

ಆ ಮಠದಲ್ಲಿ ಒಂದು ರೂಢಿ ಇತ್ತು. ಯಾವ ಹೊಸ ವಸ್ತು ಒಳಗೆ ಬಂದರೂ ಪೂಜೆಗೆ ಸಲ್ಲುವ ಏನಾದರೊಂದನ್ನು ಮೊದಲು ಅದಕ್ಕೆ ಮುಟ್ಟಿಸಬೇಕು. ಹೊಸ ಕೊಡಕ್ಕೆ ಬಿಲ್ವಪತ್ರೆ, ಹೊಸ ಒಲೆಗೆ ವಿಭೂತಿ. ತೊಟ್ಟಿ ಏನು ಬೇರೆಯೇ? ಶಿವಮಲ್ಲು ಹಿತ್ತಲಿಗೆ ಹೋದ. ಶಿವನಿಗೆ ಇಷ್ಟವಾದದ್ದು ಅಂತ ತುಂಬೆ ಗಿಡವನ್ನು ಬೇರುಸಹಿತ ಕಿತ್ತು ತಂದ. ಘಮಘಮ ಅನ್ನುವ ಮರುಗ ತಂದ. ಒಂದು ಬಿಲ್ವದ ಸಸಿಯನ್ನೂ ಬಿಡಲಿಲ್ಲ. ಉಳಿದ ಪ್ಲಾಸ್ಟಿಕ್ ಗಿಡಗಳನ್ನು ಕಿತ್ತುಹಾಕಿ, ತಂದದ್ದನ್ನೆಲ್ಲ ಕಲ್ಲಿನಲ್ಲಿ ಊರಿ, ನೀರು ತುಂಬಿಸಿ, ಕೈಮುಗಿದ.

ಬಂದುಹೋಗುವವರು ಮೆಚ್ಚಿದರು. “ಮೀನಿಗೂ ಪುಣ್ಯ ಬಂತು ಬಿಡಪ್ಪ,” ಅಂದಳು ಒಬ್ಬ ಅಜ್ಜಿ.

ವಾರ ತುಂಬುವುದರೊಳಗೆ ತುಂಬೆ ಕೊಳೆಯಿತು. ಮರುಗ ಲೋಳೆಯಾಯಿತು. ಬಿಲ್ವದ ಸಸಿ ಕಪ್ಪಾಗಿ ತಲೆ ಬಾಗಿಸಿತು. ನೀರು ಗಬ್ಬು ನಾರಿ, ಮೀನೆರಡೂ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿಗೆ ಒದ್ದಾಡತೊಡಗಿದವು. ಶಿವಮಲ್ಲು ಗಾಬರಿಬಿದ್ದು ಕೊಳೆತದ್ದನ್ನೆಲ್ಲ ತೆಗೆದು, ಹೊಸ ನೀರು ಬೆರೆಸಿ, ಬುದ್ಧಿಯವರ ಹತ್ತಿರ ಓಡಿದ.

“ಬುದ್ಧಿ, ಅನ್ಯಾಯ ಆಯ್ತು. ಶಿವನ ತಲೆ ಮೇಲೆ ಇಡೋ ಗಿಡ, ಕೊಳೆತೇ ಹೋಯ್ತು.”

“ಬಾ, ಹೊಳೆಗೆ ಹೋಗಿ ಬರೋಣ.”

ಇಬ್ಬರೂ ಹೊಳೆಗೆ ಇಳಿದರು. ನೀರು ಎದೆಮಟ್ಟ ಬಂದಾಗ ಬುದ್ಧಿ ನಿಂತರು.

“ಮುಳುಗು.”

ಶಿವಮಲ್ಲು ಮುಳುಗಿದ. ಎದ್ದ.

“ಯಾಕೆ ಎದ್ದೆ?”

“ಉಸಿರು ಕಟ್ತು ಬುದ್ಧಿ.”

“ಇನ್ನೊಂದು ಸಲ ಮುಳುಗು. ಈ ಸಲ ಏಳಬೇಡ.”

“ಎಷ್ಟು ಹೊತ್ತು?”

“ನಿನ್ನ ತುಂಬೆ ಗಿಡ ಎಷ್ಟು ಹೊತ್ತು ಮುಳುಗಿತ್ತು?”

ಶಿವಮಲ್ಲು ಮುಖದ ಮೇಲಿನ ನೀರು ಒರೆಸಿಕೊಂಡ. ಸೋಲು ಒಪ್ಪೋಕೆ ಅವನಿಗೆ ಮನಸ್ಸಿಲ್ಲ.

“ಅದು ಒಳ್ಳೆ ಗಿಡ ಬುದ್ಧಿ.”

“ನೀನೂ ಒಳ್ಳೆ ಹುಡುಗನೇ ಕಣಪ್ಪ. ಆದ್ರೆ ಮೀನಲ್ಲ.”

ಮಾರನೆಯ ದಿನ ಶಿವಮಲ್ಲು ಪೇಟೆಗೆ ಹೋದ. ಅಲ್ಲಿ ಬಣ್ಣದ ಮೀನು ಮಾರುವ ಒಂದು ಅಂಗಡಿ. ಅಂಗಡಿ ನಡೆಸುವವಳು ನಸೀಮಾ. ಒಳಗೆ ಸಾಲಾಗಿ ತೊಟ್ಟಿಗಳು, ತೊಟ್ಟಿಯೊಳಗೆ ದೀಪ, ದೀಪದ ಕೆಳಗೆ ತರಾವರಿ ನೀರುಗಿಡಗಳು. ಶಿವಮಲ್ಲುವಿನ ಕಣ್ಣು ಅರಳಿತು.

“ತೊಟ್ಟಿ ಇಟ್ಟಿರೋ ಕಡೆ ಬೆಳಕು ಹೇಗಿದೆ ಸ್ವಾಮಿ?” ನಸೀಮಾ ಕೇಳಿದಳು.

“ಬೆಳಕು ಇದೆಯಮ್ಮ. ಆ ಕೆಂಪಗಿರೋದು ಕೊಡು.”

“ಮೀನು ಯಾವುದು?”

“ಮೀನು ಮೀನೇ ಅಲ್ವಾ. ಆ ನವಿಲುಗರಿ ಥರ ಇದೆಯಲ್ಲ, ಅದೂ ಇರಲಿ.”

“ನೀರು ಹೇಗಿದೆ, ಸಪ್ಪೆನಾ, ಗಡಸಾ?”

“ಕುಡಿಯೋಕೆ ಚೆನ್ನಾಗಿದೆ.”

ನಸೀಮಾ ಇನ್ನೇನೂ ಕೇಳಲಿಲ್ಲ. ಕೇಳಿದ್ದನ್ನು ಕೊಟ್ಟು ಕಳಿಸಿದಳು.

ಆಹಾ, ಅವತ್ತು ತೊಟ್ಟಿ ನೋಡಬೇಕಿತ್ತು. ಒಂದು ಕಡೆ ಕೆಂಪು, ಒಂದು ಕಡೆ ಎಳೆ ಹಸಿರು, ನಡುವೆ ತೆಳ್ಳಗಿನ ಗರಿಗಳು ತೂಗುತ್ತಿದ್ದವು. ಶಿವಮಲ್ಲು ಊಟಕ್ಕೆ ಕರೆದರೂ ಏಳಲಿಲ್ಲ. ಪೇಟೆ ಮಠದಲ್ಲಿ ಮೊದಲ ಮಾತು ಏನು ಆಡಬೇಕು ಅಂತ ಅಲ್ಲೇ ಕೂತು ಯೋಚಿಸಿದ.

ಬೆಳಿಗ್ಗೆ ಎದ್ದು ನೋಡಿದರೆ ಗರಿ ಇಲ್ಲ. ಎಳೆ ಹಸಿರೂ ಇಲ್ಲ. ಬರೀ ಕಡ್ಡಿಗಳು ನಿಂತಿವೆ. ಮೀನೆರಡು ಹೊಟ್ಟೆ ಉಬ್ಬಿಸಿಕೊಂಡು ಆರಾಮಾಗಿ ತಿರುಗುತ್ತಿವೆ.

“ನಾಚಿಕೆ ಆಗಲ್ವಾ ನಿಮಗೆ?” ಶಿವಮಲ್ಲು ಮೀನಿಗೆ ಬೈದ. “ಮಠದಲ್ಲಿ ಇದ್ದೂ ಬುದ್ಧಿ ಬರಲಿಲ್ಲವಲ್ಲ. ನಾನು ಅಷ್ಟು ದೂರ ಹೋಗಿ ತಂದದ್ದು.”

ಹಿಂದೆ ನಿಂತು ಕೇಳುತ್ತಿದ್ದ ಬುದ್ಧಿ ಗಟ್ಟಿಯಾಗಿ ನಕ್ಕರು.

“ಅವುಗಳಿಗೆ ಯಾಕೆ ಬೈತೀಯ? ಮಠಕ್ಕೆ ಬಂದವರಿಗೆ ಊಟಕ್ಕೆ ಹಾಕೋದು ನಮ್ಮ ಧರ್ಮ. ನೀನು ಬಡಿಸಿದೆ, ಅವು ಉಂಡವು.”

“ನಾನು ಬಡಿಸಲಿಲ್ಲ ಬುದ್ಧಿ, ನೆಟ್ಟೆ.”

“ಅದು ನಿನಗೆ ಗೊತ್ತು. ಅವಕ್ಕೆ ಹೇಳಿದ್ಯಾ?”

ಕೆಂಪು ಗಿಡದ ಎಲೆ ಒರಟು. ಅದೊಂದು ಉಳಿದಿತ್ತು. ಆದರೆ ಹಜಾರದ ಮೂಲೆಯಲ್ಲಿ ಅದರ ಕೆಂಪು ದಿನೇ ದಿನೇ ಇಳಿದು ಕಂದುಬಣ್ಣಕ್ಕೆ ತಿರುಗಿತು. ಬೆಳಕು ಸಾಲದು ಅಂತ ಶಿವಮಲ್ಲು ಅಡುಗೆಯ ಇಬ್ಬರು ಆಳುಗಳನ್ನು ಕರೆದು ತೊಟ್ಟಿಯನ್ನು ಕಿಟಕಿಯ ಬಿಸಿಲಿಗೆ ಎತ್ತಿಡಿಸಿದ. ಬಿಸಿಲು ಬಿದ್ದದ್ದೇ ತಡ, ಪಾಚಿ ಕಟ್ಟಿಕೊಂಡಿತು. ಗಾಜಿನ ಮೇಲೆ ಪಾಚಿ, ಎಲೆಯ ಮೇಲೆ ಪಾಚಿ. ಕೊನೆಗೆ ನೀರೇ ಬಸಳೆ ಸೊಪ್ಪು ಬೇಯಿಸಿದ ಹಾಗೆ ಹಸಿರಾಯಿತು.

ಬುದ್ಧಿ ಬಂದು ಗಾಜಿಗೆ ಮೂಗು ತಾಗಿಸಿ ನೋಡಿದರು.

“ಮೀನು ಯಾವ ಊರಿಗೆ ಹೋದವಪ್ಪ?”

“ಒಳಗೇ ಇವೆ ಬುದ್ಧಿ.”

“ನೋಡಿದವರು ಯಾರು?”

ಶಿವಮಲ್ಲು ತೊಟ್ಟಿಯನ್ನು ಮತ್ತೆ ಮೂಲೆಗೆ ಇಟ್ಟು, ತೊಳೆದು, ಪಾಚಿ ಉಜ್ಜಿ ಉಜ್ಜಿ ತೆಗೆದ. ಕೆಂಪು ಗಿಡ ಅವನ ಕೈಯಲ್ಲೇ ಮುರಿದು ಬಂತು.

ಅದೇ ಹೊತ್ತಿಗೆ ಪೇಟೆ ಮಠದ ಕಮಿಟಿಯವರು ಬಂದರು. ಶಿವಮಲ್ಲು ಅವರಿಗೆ ಮಜ್ಜಿಗೆ ಕೊಡುವಾಗ ಕಿವಿಯೆಲ್ಲ ಮಾತಿನ ಮೇಲೇ ಇತ್ತು.

“ಯಾರನ್ನಾದ್ರೂ ಬೇಗ ಕಳಿಸಿಕೊಡಿ ಬುದ್ಧಿ. ಜನ ಕೇಳ್ತಾ ಇದ್ದಾರೆ.”

“ಕಳಿಸೋಣ. ಇನ್ನೂ ಗಿಡ ನಿಂತಿಲ್ಲ,” ಅಂದರು ಬುದ್ಧಿ.

ಕಮಿಟಿಯವರಿಗೆ ಅರ್ಥವಾಗಲಿಲ್ಲ. ಶಿವಮಲ್ಲುಗೆ ಆಯಿತು. ಇನ್ನು ಸ್ವಲ್ಪ ತಡವಾದರೆ ಪೇಟೆ ಮಠ ಬೇರೆಯವರ ಪಾಲಾಗುತ್ತದೆ, ತಾನು ಜನ್ಮವಿಡೀ ಇಲ್ಲೇ ಸೌಟು ಹಿಡಿದು ನಿಲ್ಲಬೇಕಾಗುತ್ತದೆ.

ಬಂದವರು ಹೋದ ಮೇಲೆ ಬುದ್ಧಿಯವರ ಕಾಲ ಹತ್ತಿರ ಕೂತ.

“ನನ್ನ ಕೈಲಾಗಲ್ಲ ಬುದ್ಧಿ. ಯಾವ ಗಿಡ ತರಬೇಕು ಅಂತ ನೀವೇ ಹೇಳಿಬಿಡಿ. ತರ್ತೀನಿ.”

“ನನಗೇನು ಗೊತ್ತು, ನಾನೇನು ತೊಟ್ಟಿಯೊಳಗೆ ಇದ್ದೀನಾ? ಅದಿರಲಿ. ದಾಸೋಹಕ್ಕೆ ಜನ ಬಂದು ಕೂತಾಗ ನೀನು ಒಲೆ ಹಚ್ಚೋ ಮೊದಲು ಏನು ಮಾಡ್ತೀಯ?”

“ಬಾಗಿಲ ಸಂದಿಯಿಂದ ಇಣುಕಿ ನೋಡ್ತೀನಿ.”

“ಏನು ನೋಡ್ತೀಯ?”

“ಯಾರು ಬಂದಿದ್ದಾರೆ ಅಂತ. ವಯಸ್ಸಾದೋರು ಜಾಸ್ತಿ ಇದ್ರೆ ಖಾರ ಕಡಮೆ ಮಾಡಬೇಕು. ಹೊಲದಿಂದ ಬಂದೋರಾದ್ರೆ ಮುದ್ದೆ ದೊಡ್ಡದು ಕಟ್ಟಬೇಕು. ಮಕ್ಕಳಿದ್ರೆ ಬೆಲ್ಲ ತೆಗೆದಿಡಬೇಕು.”

“ಇದನ್ನ ಯಾರು ಕಲಿಸಿದ್ರು?”

“ಯಾರು ಕಲಿಸ್ತಾರೆ ಬುದ್ಧಿ. ಉಣ್ಣೋರನ್ನ ನೋಡದೆ ಅಡುಗೆ ಮಾಡೋಕಾಗುತ್ತಾ?”

ಬುದ್ಧಿ ಎದ್ದು, ಗೋಡೆಗೆ ಒರಗಿಸಿದ್ದ ಚಾಪೆಯನ್ನು ತಂದು, ತೊಟ್ಟಿಯ ಮುಂದೆ ಹಾಸಿ, ಹೊರಗೆ ಹೋದರು.

ಶಿವಮಲ್ಲು ಚಾಪೆಯನ್ನು ನೋಡಿದ. ತೊಟ್ಟಿಯನ್ನು ನೋಡಿದ. ಆಮೇಲೆ ಕೂತ.

ಅಡುಗೆ ಮುಗಿದ ಮೇಲೆ ದಿನವೂ ಬಂದು ಕೂರತೊಡಗಿದ. ಬೆಳಗಿನ ಬಿಸಿಲು ಬಾಗಿಲವರೆಗೆ ಬರುತ್ತದೆ, ಈ ಮೂಲೆಗೆ ಕಾಲೇ ಇಡುವುದಿಲ್ಲ. ಸಂಜೆ ಹಚ್ಚುವ ಟ್ಯೂಬ್‌ಲೈಟಿನದೇ ಬೆಳಕು. ಗಾಜಿನ ಅಂಚಿನಲ್ಲಿ ನೀರು ಇಳಿದಲ್ಲೆಲ್ಲ ಬಿಳಿ ಗೆರೆ ಕೂತಿದೆ. ಅಡುಗೆಮನೆಯ ಹಂಡೆಯಲ್ಲೂ ಅದೇ ಬಿಳಿ ಕರೆ, ಅಂದರೆ ನೀರು ಗಡಸು. ಮೀನುಗಳು ಒಂದು ಗಳಿಗೆ ಸುಮ್ಮನಿರುವುದಿಲ್ಲ, ಕೋಳಿ ತಿಪ್ಪೆ ಕೆದರಿದ ಹಾಗೆ ಕಲ್ಲು ಕೆದಕುತ್ತವೆ. ಬೇರು ಊರಿದ ಯಾವ ಗಿಡವೂ ಆ ಕಲ್ಲಿನಲ್ಲಿ ನಿಲ್ಲುವಂತಿರಲಿಲ್ಲ.

ಇನ್ನೊಂದನ್ನೂ ಕಂಡ. ಮಧ್ಯಾಹ್ನ ಜನ ಓಡಾಡುವಾಗ ಎರಡೂ ಮೀನು ತೊಟ್ಟಿಯ ಹಿಂದಿನ ಮೂಲೆಗೆ ಹೋಗಿ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತಿದ್ದವು. ಅವಿತುಕೊಳ್ಳೋಕೆ ಅವಕ್ಕೆ ಒಂದು ಎಲೆಯ ಮರೆಯೂ ಇರಲಿಲ್ಲ. ಇಷ್ಟು ದಿನ ತೊಟ್ಟಿ ಚೆಂದ ಕಾಣಲಿ ಅಂತ ಒದ್ದಾಡಿದೆನಲ್ಲ, ಇವು ಹೆದರುತ್ತವೆ ಅಂತ ಒಂದು ದಿನವೂ ತಿಳಿಯಲಿಲ್ಲವಲ್ಲ ಅಂತ ಶಿವಮಲ್ಲುಗೆ ಅಯ್ಯೋ ಅನ್ನಿಸಿತು.

ಮತ್ತೆ ನಸೀಮಾಳ ಅಂಗಡಿಗೆ ಹೋದ. ಈ ಸಲ ಕಣ್ಣೆತ್ತಿ ತೊಟ್ಟಿಗಳ ಕಡೆ ನೋಡಲಿಲ್ಲ.

“ನೋಡಮ್ಮ, ಬೆಳಕು ಕಡಮೆ. ನೀರು ಗಡಸು. ಗೋಲ್ಡ್ ಫಿಶ್ ಎರಡು, ಎಳೇದು ಸಿಕ್ಕಿದ್ರೆ ತಿಂತಾವೆ, ನೆಟ್ಟರೆ ಕೀಳ್ತಾವೆ. ಒಂದಿಷ್ಟು ಮರೆ ಬೇಕು ಅವಕ್ಕೆ. ಇಂಥ ಕಡೆ ಯಾವುದು ಬದುಕುತ್ತೆ?”

ನಸೀಮಾ ನಕ್ಕಳು. “ಮೊನ್ನೆ ಇದನ್ನೇ ಅಲ್ವಾ ಸ್ವಾಮಿ ನಾನು ಕೇಳಿದ್ದು.”

“ಮೊನ್ನೆ ನನಗೆ ಗೊತ್ತಿರಲಿಲ್ಲ.”

ಅವಳು ಹಿಂದಿನ ತೊಟ್ಟಿಯಿಂದ ಎರಡು ಗಿಡ ತೆಗೆದಳು. ಒಂದರ ಹೆಸರು ಅನುಬಿಯಾಸ್, ಇನ್ನೊಂದು ಜಾವಾ ಫರ್ನ್. ಕಡುಹಸಿರು, ದಪ್ಪ ಎಲೆ, ಮುಟ್ಟಿದರೆ ತೊಗಲಿನ ಹಾಗೆ. ನೋಡೋಕೆ ಅಂಥ ಚೆಂದವೇನೂ ಇರಲಿಲ್ಲ.

“ಇವನ್ನ ಮೀನು ಒಂದು ಸಲ ಕಚ್ಚಿ ನೋಡಿ ಬಿಟ್ಟುಬಿಡುತ್ತೆ. ಬೆಳಕು ಕಡಮೆ ಇದ್ರೂ ತೊಂದರೆ ಇಲ್ಲ. ಕಲ್ಲಿನೊಳಗೆ ಹೂಳಬೇಡಿ, ಈ ದಪ್ಪ ದಂಟು ಕೊಳೆಯುತ್ತೆ. ಒಂದು ಗುಂಡುಕಲ್ಲಿಗೆ ದಾರದಲ್ಲಿ ಕಟ್ಟಿ ಇಳಿಬಿಡಿ. ತಾನೇ ಹಿಡ್ಕೊಳ್ಳುತ್ತೆ.”

“ಬಣ್ಣ ಏನಾದ್ರೂ ಬರುತ್ತಾ?” ಆಸೆ ಸುಮ್ಮನಿರಬೇಕಲ್ಲ.

“ಇಲ್ಲ ಸ್ವಾಮಿ. ಇದು ಹೀಗೇ.”

ತಂದ. ಹೊಳೆಯಿಂದ ಗುಂಡುಕಲ್ಲು ಆರಿಸಿ, ಬಿಳಿ ದಾರದಲ್ಲಿ ಗಿಡ ಕಟ್ಟಿ, ಮೀನು ನಿಲ್ಲುವ ಹಿಂದಿನ ಮೂಲೆಗೇ ಇಟ್ಟ. ಮೀನೊಂದು ಬಂದು ಎಲೆ ಕಚ್ಚಿತು, ಉಗಿಯಿತು, ಹೋಯಿತು.

ಕೆಲವು ದಿನಕ್ಕೆ ಎಲೆಗಳು ಹಳದಿಯಾಗಿ ಒಂದೊಂದಾಗಿ ಕಳಚತೊಡಗಿದವು. ಶಿವಮಲ್ಲು ಮತ್ತೆ ಓಡಿದ.

“ಬುದ್ಧಿ, ಇದೂ ಹೋಯ್ತು. ತೆಗೆದು ಬಿಸಾಕ್ತೀನಿ.”

“ನೀನು ಮಠಕ್ಕೆ ಸೇರಿದ ಹೊಸದರಲ್ಲಿ ಎಷ್ಟು ದಿನ ಅತ್ತೆ?”

“ಅದೆಲ್ಲ ಈಗ ಯಾಕೆ ಬುದ್ಧಿ?”

“ಊಟ ಬಿಟ್ಟಿದ್ದೆ. ಬಡಕಲಾಗಿದ್ದೆ. ನಿನ್ನನ್ನ ಬಿಸಾಕಿ ಅಂತ ಬಹಳ ಜನ ಹೇಳಿದ್ರು.”

ಶಿವಮಲ್ಲು ವಾಪಸ್ ಬಂದ. ಉದುರಿದ ಎಲೆಯನ್ನಷ್ಟೇ ಹೆಕ್ಕಿ ತೆಗೆದ.

ಆಮೇಲೊಂದು ಬೆಳಿಗ್ಗೆ ದಂಟಿನ ತುದಿಯಲ್ಲಿ ಸುರುಳಿ ಸುತ್ತಿದ ಒಂದು ಚಿಗುರು ಕಂಡಿತು. ಇನ್ನೂ ಕೆಲವು ವಾರಕ್ಕೆ ಎಲೆ ಬಿಚ್ಚಿ, ಅದರ ಪಕ್ಕ ಇನ್ನೊಂದು ಬಂತು. ಒಂದು ಮಧ್ಯಾಹ್ನ ಹಜಾರದ ತುಂಬ ಜನ ಗಲಗಲ ಅನ್ನುತ್ತಿದ್ದಾಗ ಶಿವಮಲ್ಲು ಇಣುಕಿ ನೋಡಿದ. ಎರಡು ಮೀನೂ ಆ ಎಲೆಗಳ ಕೆಳಗೆ ರೆಕ್ಕೆ ಸಡಿಲಬಿಟ್ಟು ನಿದ್ದೆ ಬಂದವರ ಹಾಗೆ ನಿಂತಿದ್ದವು. ಅವನಿಗೆ ಎಷ್ಟು ಸಂತೋಷವಾಯಿತು ಅಂದರೆ, ಹಾಲು ಹಾಕೋಕೆ ಬಂದವನನ್ನೂ ಕೈ ಹಿಡಿದು ಎಳೆದು ತಂದು ತೋರಿಸಿದ. ಸಾರು ಉಕ್ಕಿ ಒಲೆ ಆರಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಸಂಜೆ ಬುದ್ಧಿ ಅವನನ್ನು ಹೊಳೆ ದಂಡೆಗೆ ಕರೆದರು.

“ಗಿಡ ನಿಂತಿತು. ಈಗ ನಿನ್ನ ಮಾತು. ಎರಡು ಮಠಕ್ಕೂ ಇನ್ನೂ ಯಾರನ್ನೂ ಕಳಿಸಿಲ್ಲ. ಎಲ್ಲಿಗೆ ಹೋಗ್ತೀಯ, ನೀನೇ ಹೇಳು.”

ಪೇಟೆ ಅನ್ನೋ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

“ಬುದ್ಧಿ, ಪೇಟೆ ಮಠದಲ್ಲಿ ಏನು ಬೇಕಾಗಿದೆ?”

ಬುದ್ಧಿ ತಿರುಗಿ ಅವನ ಮುಖ ನೋಡಿದರು. ಅವರ ಕಣ್ಣು ನಗುತ್ತಿತ್ತು.

“ದಿನಾ ಸಂಜೆ ಜನಕ್ಕೆ ನಾಲ್ಕು ಮಾತು ಹೇಳೋರು ಬೇಕು. ದೊಡ್ಡ ಮನುಷ್ಯರ ಜೊತೆ ಕೂತು ಏಳೋರು ಬೇಕು.”

“ಬೆಟ್ಟದ ಬುಡದಲ್ಲಿ?”

“ಅಲ್ಲಿ ಮಕ್ಕಳ ಹಾಸ್ಟೆಲು. ಕಾಡಂಚಿನ ಗಿರಿಜನರ ಹಾಡಿಗಳಿಂದ ಮಕ್ಕಳು ಓದೋಕೆ ಬಂದು ಸೇರ್ತಾವೆ. ಬಂದ ವಾರಕ್ಕೆ ಅರ್ಧಕ್ಕರ್ಧ ಓಡಿ ಹೋಗ್ತಾವೆ. ಯಾರು ಹೋಗಿ ಬುದ್ಧಿ ಹೇಳಿದ್ರೂ ನಿಲ್ಲಲ್ಲ.”

“ಆ ಮಕ್ಕಳು ಮನೇಲಿ ಏನು ಉಣ್ತಾರೆ ಬುದ್ಧಿ?”

“ರಾಗಿ ಮುದ್ದೆ. ಕಾಡುಸೊಪ್ಪಿನ ಸಾರು. ಗೆಡ್ಡೆ ಗೆಣಸು.”

“ಹಾಸ್ಟೆಲಲ್ಲಿ ಏನು ಹಾಕ್ತಿದ್ದಾರೆ?”

“ಅನ್ನ, ಬೇಳೆ ನೀರು.”

“ಮತ್ತೆ ಓಡದೆ ಏನು ಮಾಡ್ತಾವೆ ಪಾಪ?” ಶಿವಮಲ್ಲುಗೆ ಸಿಟ್ಟೇ ಬಂತು. “ಮೊದಲು ಹೊಟ್ಟೆಗೆ ಅವರ ಊರಿನದು ಬೀಳಬೇಕು. ಪಾಠ ಆಮೇಲೆ. ಅಲ್ಲಿ ಮುದ್ದೆ ಕೋಲು ಇದೆಯಾ? ದೊಡ್ಡ ಹಂಡೆ? ಇಲ್ಲದಿದ್ರೆ ಇಲ್ಲಿಂದಲೇ ಒಂದು ಹೊತ್ಕೊಂಡು ಹೋಗ್ತೀನಿ. ಸೊಪ್ಪು ಆರಿಸೋಕೆ ಆ ಮಕ್ಕಳನ್ನೇ ಕರ್ಕೊಂಡು ಹೋದ್ರೆ ಆಯ್ತು, ನನಗಿಂತ ಅವಕ್ಕೇ ಗೊತ್ತಿರುತ್ತೆ.”

ಅಷ್ಟು ಹೇಳಿ ಥಟ್ಟನೆ ನಿಲ್ಲಿಸಿದ. ಏನು ಆಡಿದೆ ಅಂತ ಆಗ ಅವನಿಗೆ ತಿಳಿಯಿತು.

“ಆಸೆ ಹೋಗಿಲ್ಲ ಬುದ್ಧಿ,” ಅಂದ ಶಿವಮಲ್ಲು. ಕಣ್ಣು ತುಂಬಿತ್ತು, ತುಟಿಯ ಮೇಲೆ ನಗುವೂ ಇತ್ತು. “ಪೇಟೆ ಮಠ ಅಂದ್ರೆ ಈಗಲೂ ಎದೆ ಡವಡವ ಅನ್ನುತ್ತೆ.”

“ಅನ್ನಲಿ ಬಿಡು. ಅದಕ್ಕೆ ಯಾಕೆ ಬೇಜಾರು?”

“ಅಲ್ಲಿಗೆ ಯಾರು?”

“ಮಾತಾಡೋರಿಗೆ ಎಲ್ಲಾದರೂ ಬರವೇ? ಸಿಗ್ತಾರೆ.”

ಶಿವಮಲ್ಲು ಗಟ್ಟಿಯಾಗಿ ನಕ್ಕ. ನಕ್ಕು ಕಣ್ಣು ಒರೆಸಿಕೊಂಡ. ಬೆಟ್ಟದ ಬುಡಕ್ಕೆ ಹೊರಡುವ ದಿನ ಬಂತು. ಹಂಡೆ, ಮುದ್ದೆ ಕೋಲು, ಒಂದು ಮೂಟೆ ರಾಗಿ ಗಾಡಿಗೆ ಏರಿದವು. ಶಿವಮಲ್ಲು ಬುದ್ಧಿಯವರ ಪಾದ ಮುಟ್ಟಿ ಎದ್ದವನು ಹೆಜ್ಜೆ ಕಿತ್ತಿಡಲಾರದೆ ನಿಂತ.

“ಬುದ್ಧಿ, ನಾನು ಅಲ್ಲಿ ನಿಲ್ತೀನಾ?”

“ನಿಲ್ತೀಯ. ಬೇರು ಬಿಟ್ಟಿತಾ ಅಂತ ದಿನಾ ಕಿತ್ತು ನೋಡ್ಕೋಬೇಡ, ಅಷ್ಟೇ.”